ರಾಮನ್ ಅವರ ಹತ್ತು ವರ್ಷದ ಸರ್ಕಾರಿ ನೌಕರಿ

ಪ್ರತಿ ವರ್ಷ ಫೆಬ್ರವರಿ 28 ಬಂತೆಂದರೆ ಸರ್ ಸಿ.ವಿ. ರಾಮನ್ ಅವರ ಬಗ್ಗೆ ಅದೇ ಕಥೆ. ಕೈತುಂಬ ಸಂಬಳದ ಸರ್ಕಾರಿ ನೌಕರಿಯನ್ನು ಒದ್ದು ವಿಜ್ಞಾನಕ್ಕೆ ಬಂದರು, ನೊಬೆಲ್ ಗೆದ್ದರು! ಕೇಳಲು ಚೆಂದ. ಆದರೆ ಬಿಕಾಂ ಮಾಡಿ ಬ್ಯಾಂಕಿಗೆ ಸೇರಿದ ನನ್ನಂಥವರಿಗೆ ಕುತೂಹಲ ಬೇರೆ ಕಡೆ. ಒದೆಯುವ ಮೊದಲು ಆ ನೌಕರಿಯನ್ನು ಎಷ್ಟು ವರ್ಷ ಮಾಡಿದರು? ಪೂರಾ ಹತ್ತು ವರ್ಷ. 1907ರಿಂದ 1917.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಹದಿನೆಂಟನೇ ವಯಸ್ಸಿಗೆ, 1906ರಲ್ಲಿ ಅವರ ಮೊದಲ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಗಿತ್ತು. ಆದರೂ ಮುಂದೆ ದಾರಿ ಇರಲಿಲ್ಲ. ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿನ ಚಳಿ ಈ ದೇಹಕ್ಕೆ ಆಗದು ಅಂದರು ಸರ್ಕಾರಿ ಡಾಕ್ಟರು. ಇಲ್ಲಿ ಸಂಶೋಧನೆಯನ್ನೇ ಕೆಲಸ ಅಂತ ಕೊಡುವವರು ಯಾರು? ಉಳಿದದ್ದು ಫೈನಾನ್ಸ್ ಇಲಾಖೆಯ ಪರೀಕ್ಷೆ. ಬರೆದರು, ಮೊದಲನೆಯವರಾಗಿ ಪಾಸಾದರು. ಆ ವರ್ಷವೇ ಲೋಕಸುಂದರಿಯವರ ಜೊತೆ ಮದುವೆ. ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕಲಕತ್ತೆಗೆ ಹೊರಟರು.

ಅಲ್ಲಿ ಟ್ರಾಮಿನಲ್ಲಿ ಆಫೀಸಿಗೆ ಹೋಗಿಬರುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಬೋರ್ಡು ಕಣ್ಣಿಗೆ ಬಿತ್ತು: ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಸ್ಥೆ. ಇಲ್ಲಿ ನಮ್ಮ ಜನರೇ ಸಂಶೋಧನೆ ಮಾಡಬೇಕು ಅನ್ನುವುದು ಅವರ ಆಸೆ. ಉಪನ್ಯಾಸಗಳೇನೋ ನಡೆದವು, ಸಂಶೋಧಕರು ಬರಲಿಲ್ಲ. ಅದೇ ಕೊರಗಿನಲ್ಲಿ ಅವರು 1904ರಲ್ಲಿ ತೀರಿಕೊಂಡರು. ಉಪಕರಣಗಳು ಧೂಳು ಹಿಡಿದಿದ್ದವು. ಹತ್ತೊಂಬತ್ತರ ಹುಡುಗ ಬಾಗಿಲು ತಟ್ಟಿದಾಗ ತೆರೆದವರು ಆಶುತೋಷ್ ಡೇ. ಕಾರ್ಯದರ್ಶಿಯಾಗಿದ್ದವರು ಮಹೇಂದ್ರಲಾಲರ ಮಗ ಅಮೃತಲಾಲ್. ಆಫೀಸಿಲ್ಲದ ಹೊತ್ತಿನಲ್ಲಿ ಬಂದು ಪ್ರಯೋಗ ಮಾಡಬಹುದೇ ಅಂತ ಕೇಳಿದ್ದಕ್ಕೆ ಅಮೃತಲಾಲರಿಗೆ ಆದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ.

ಅಲ್ಲಿಂದ ಮುಂದಿನ ದಿನಚರಿ ನೋಡಿ. ಬೆಳಗ್ಗೆ ಐದೂವರೆಗೆ ಅಸೋಸಿಯೇಷನ್. ಹತ್ತು ಗಂಟೆಗೆ ಕಾಲು ಗಂಟೆ ಇರುವಾಗ ಮನೆಗೆ ಬಂದು ಸ್ನಾನ, ಗಡಿಬಿಡಿಯಲ್ಲಿ ಊಟ, ಆಫೀಸು. ಸಂಜೆ ಐದಕ್ಕೆ ಆಫೀಸಿನಿಂದ ನೇರವಾಗಿ ಮತ್ತೆ ಅಸೋಸಿಯೇಷನ್. ಮನೆ ಸೇರುವುದು ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರವೂ ಅಲ್ಲೇ. (ಇದರಲ್ಲಿ ಲೋಕಸುಂದರಿಯವರ ಪಾಲು ಎಷ್ಟು ಅಂತ ಯಾರೂ ಲೆಕ್ಕ ಇಟ್ಟಂತಿಲ್ಲ.) ಜೊತೆಗೆ ವರ್ಗಾವಣೆ! 1909ರಲ್ಲಿ ರಂಗೂನು, ಮರುವರ್ಷ ನಾಗಪುರ. ಅಲ್ಲೆಲ್ಲ ಮನೆಯೇ ಪ್ರಯೋಗಶಾಲೆ. 1911ರಲ್ಲಿ ಕಲಕತ್ತೆಗೆ ವಾಪಸು ಬಂದ ಮೇಲೆ ಅಸೋಸಿಯೇಷನ್ನಿಗೆ ಅಂಟಿಕೊಂಡ ಮನೆಯನ್ನೇ ಹಿಡಿದರು, ನಡುವೆ ಒಂದು ಬಾಗಿಲು ಇಟ್ಟರು. ತಂತಿಗಳ ಕಂಪನ, ಏಕತಾರಿ, ಪಿಟೀಲು ಮುಂತಾದವುಗಳ ಮೇಲೆ ಪ್ರಬಂಧದ ಮೇಲೆ ಪ್ರಬಂಧ. ನೆರವಿಗೆ ಅದೇ ಆಶುಬಾಬು, ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ. ಮುಂದೆ ಅವರ ಸ್ವಂತ ಹೆಸರಿನಲ್ಲೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಬಂತು ಅಂದರೆ ನಂಬುತ್ತೀರಾ?

ನಮ್ಮ ಕಾಲದಲ್ಲಿ ಬ್ಯಾಂಕುಗಳಲ್ಲಿ ಎಮ್ಮೆಸ್ಸಿ ಫಿಸಿಕ್ಸ್ ಮಾಡಿದವರಿಗೆ ಬರ ಇರಲಿಲ್ಲ. ಇಲ್ಲಿ ಮುಂಬೈಯಲ್ಲಿ ನನ್ನ ಜೊತೆ ಒಬ್ಬರಿದ್ದರು, ಧಾರವಾಡದಲ್ಲಿ ಓದಿದವರು. ಕ್ಲಿಯರಿಂಗ್ ಚೆಕ್ಕುಗಳನ್ನು ಎಣಿಸುತ್ತಲೇ ರಿಟೈರಾದರು. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಕಾಮನಬಿಲ್ಲು ಯಾಕೆ ಕಮಾನಿನಂತೆಯೇ ಇರುತ್ತದೆ ಅಂತ ನನಗೆ ಬಿಡಿಸಿ ಹೇಳುತ್ತಿದ್ದರು. ಅವರೆಲ್ಲ ರಾಮನ್ ಆಗುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಸಂಜೆ ಡ್ಯೂಟಿ ಮುಗಿಸಿ ಬಂದ ಗುಮಾಸ್ತನಿಗೆ, ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳದೆ ಬಾಗಿಲು ತೆರೆಯುವ ಪ್ರಯೋಗಶಾಲೆ ಅವರ ದಾರಿಯಲ್ಲಿ ಒಂದೂ ಬರಲಿಲ್ಲ. ರಾಮನ್ ಕಥೆ ಹೇಳುವಾಗ ನಾವು ಅವರ ಛಲವನ್ನು ಹೊಗಳುತ್ತೇವೆ. ಆ ಬಾಗಿಲನ್ನು ಮಾತ್ರ ಮರೆಯುತ್ತೇವೆ.

ಇನ್ನು ಆ 'ಒದ್ದ' ವಿಷಯ. ವಕೀಲ ತಾರಕನಾಥ ಪಾಲಿತರು ಕೊಟ್ಟ ದಾನದಿಂದ ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಒಂದು ಪೀಠ ಹುಟ್ಟಿತು. ಆಶುತೋಷ್ ಮುಖರ್ಜಿಯವರು ರಾಮನ್ ಅವರನ್ನು ಕರೆದರು. ಪ್ರೊಫೆಸರ್ ಆಗುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕು ಅನ್ನುವ ಷರತ್ತಿತ್ತು. ತರಬೇತಿಗೆ ಹೋಗಲು ಇವರು ಒಪ್ಪಲಿಲ್ಲ, ಕೊನೆಗೆ ಷರತ್ತನ್ನೇ ಬಿಡಬೇಕಾಯಿತು. ಅಧಿಕಾರ ವಹಿಸಿಕೊಂಡದ್ದು 1917ರಲ್ಲಿ, ಹೆಚ್ಚುಕಡಿಮೆ ಅರ್ಧ ಸಂಬಳಕ್ಕೆ. ತ್ಯಾಗ ಹೌದು, ಆದರೆ ದುಡುಕಲ್ಲ. ಕಾಲಿಡಲು ಇನ್ನೊಂದು ಮೆಟ್ಟಿಲು ಸಿಗುವ ತನಕ ಇದ್ದ ಮೆಟ್ಟಿಲನ್ನು ಅವರು ಬಿಡಲಿಲ್ಲ.

ಪ್ರೊಫೆಸರ್ ಆದಮೇಲೂ ಅವರು ಅಸೋಸಿಯೇಷನ್ ಬಿಡಲಿಲ್ಲ. ಅಮೃತಲಾಲರ ನಂತರ 1919ರಲ್ಲಿ ಕಾರ್ಯದರ್ಶಿಯೂ ಆದರು. 1928ರ ಫೆಬ್ರವರಿ 28ರ ಪ್ರಯೋಗ ನಡೆದದ್ದೂ ಬೌಬಜಾರಿನಲ್ಲೇ, ಜೊತೆಗಿದ್ದವರು ಕೆ.ಎಸ್. ಕೃಷ್ಣನ್. ನಮ್ಮ ಬೆಂಗಳೂರಿಗೆ, ಟಾಟಾ ಇನ್ಸ್ಟಿಟ್ಯೂಟಿಗೆ, ರಾಮನ್ ಬಂದದ್ದು ಇದೆಲ್ಲ ಆದ ಮೇಲೆ, 1933ರಲ್ಲಿ.