ಅಟ್ಟದ ಮೇಲಣ ಅಕ್ಷರ

ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ನೇರಕ್ಕೆ ಮೇಲಿದ್ದ ಅಟ್ಟದಲ್ಲಿ, ಅಡಕೆ ಮೆಣಸುಗಳ ಮಗ್ಗುಲಲ್ಲಿಯೇ, ಮನೆತನದ ಜಾತಕ, ವೈದ್ಯ, ಪುರಾಣ, ಭೂಮಿಯ ಲೆಕ್ಕಗಳನ್ನು ಹೊತ್ತ ಓಲೆಗರಿಯ ಕಟ್ಟುಗಳು ವಾಸವಾಗಿದ್ದವು. ಆಷಾಢದಿಂದ ಭಾದ್ರಪದದವರೆಗೆ ಗೋಡೆಯೂ ಬೆವರುವ ಆ ಸೀಮೆಯಲ್ಲಿ ತೇವವನ್ನೂ ಹುಳುವನ್ನೂ ದೂರವಿಡಬಲ್ಲ ತಾಣವೆಂದರೆ ಹೊಗೆಯಾಡುವ ಆ ಮೂಲೆಯೇ ಎಂಬುದನ್ನು ಹಿರಿಯರು ಅನುಭವದಿಂದ ಅರಿತಿದ್ದರು.

ಓಲೆಯ ಬರಹದ ಮರ್ಮವನ್ನು ಇಲ್ಲಿ ಗಮನಿಸಬೇಕು. ಕಂಠವೆಂಬ ಉಕ್ಕಿನ ಲೇಖನಿಯಿಂದ ಗರಿಯ ಮೈಯನ್ನು ಕೊರೆದು, ಬಳಿಕ ಎಣ್ಣೆಗೂಡಿದ ಮಸಿಯನ್ನು ತೀಡಿ ಒರೆಸಿದಾಗ, ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಂತು ಅಕ್ಷರವು ಕಣ್ಣಿಗೆ ಗೋಚರವಾಗುತ್ತಿತ್ತು. ಆದುದರಿಂದ ಮಾಡು ಸೋರಿ ಕಟ್ಟು ನೆನೆದರೂ ನೀರು ಒಯ್ಯಬಹುದಾದುದು ಮಸಿಯನ್ನೇ ಹೊರತು ಅಕ್ಷರವನ್ನಲ್ಲ. ನಾಶವು ಬರುತ್ತಿದ್ದುದು ಅವಸರದಿಂದ. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಎಳೆದರೆ ಮೈ ಸುಲಿಯುವುದು, ಸುಡುಬಿಸಿಲಿಗೆ ಹರವಿದರೆ ಸೆಡೆತು ಸೀಳುವುದು. ನೆರಳಿನಲ್ಲಿ, ಗಾಳಿಗೆ, ಒಂದೊಂದೇ ಗರಿಯನ್ನು ಬಿಡಿಸಿ ಆರಿಸಿ, ಮತ್ತೊಮ್ಮೆ ಮಸಿ ತೀಡುವ ತಾಳ್ಮೆಯಿದ್ದವನ ಮನೆಯಲ್ಲಿ ಗ್ರಂಥವು ಉಳಿಯುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು ಬಳಪದಿಂದ ಬರೆಯುತ್ತಿದ್ದ ಕಡತಕ್ಕೆ ಈ ಭಾಗ್ಯವಿರಲಿಲ್ಲ. ಅದರ ಬರಹ ಒದ್ದೆಗೈಗೇ ಅಳಿಯುವಂಥದು.

ಮಳೆ ಹಿಂದೆಗೆದ ಆಶ್ವಯುಜದಲ್ಲಿ, ಸರಸ್ವತೀಪೂಜೆಯ ನೆವದಿಂದ ಕಟ್ಟುಗಳು ಕೆಳಗಿಳಿದು, ಧೂಳು ಕೊಡವಿಸಿಕೊಂಡು, ಗಾಳಿ ಕಾಣುತ್ತಿದ್ದವು; ವರ್ಷಕ್ಕೊಮ್ಮೆ ಗ್ರಂಥದ ಆರೋಗ್ಯವನ್ನು ವಿಚಾರಿಸುವ ಈ ಪದ್ಧತಿಯನ್ನು ನಾನು ಪೂಜೆಯಷ್ಟೇ ಪವಿತ್ರವೆಂದು ಎಣಿಸುತ್ತೇನೆ. ಜೀರ್ಣವಾದುದನ್ನು ಪ್ರತಿಮಾಡಿಕೊಳ್ಳುವುದು ಅದರ ಮುಂದಿನ ಹೆಜ್ಜೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ದಾನವನ್ನು ಧರ್ಮಕಾರ್ಯವೆಂದು ಹೊಗಳುವಾಗ, ಒಂದು ಮನೆಯ ಮಾಡು ಸೋರಿದರೂ ಇನ್ನೊಂದು ಮನೆಯಲ್ಲಿ ಕಾವ್ಯವು ಬದುಕಿರುವ ಫಲವೂ ಅದರಿಂದ ಒದಗಿತೆಂಬುದನ್ನು ನಾವು ನೆನೆಯುವುದು ವಿರಳ. ತುಳುನಾಡಿನ ಅಷ್ಟು ದೊಡ್ಡ ಮಳೆಯ ನಡುವೆ ಮೂಡುಬಿದಿರೆಯ ಬಸದಿಯಲ್ಲಿ ಜೈನರ ಧವಳಗ್ರಂಥಗಳ ಓಲೆಗಳು ಶತಮಾನಗಳನ್ನು ದಾಟಿ ಬಂದುವಲ್ಲವೆ!

ಓಲೆಯ ಕಾಲ ಕಳೆದಿದೆ; 1956ರಲ್ಲಿ ಐಬಿಎಂ ಸಂಸ್ಥೆಯು 50 ತಟ್ಟೆಗಳಲ್ಲಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಸಿದ ಯಂತ್ರದ ಸಂತತಿಯಾದ ಹಾರ್ಡ್ ಡಿಸ್ಕ್ ಇಂದು ಮನೆಮನೆಯ ಗ್ರಂಥಭಂಡಾರವಾಗಿದೆ. ಆದರೆ ಅದರ ವಾಸ ಅಟ್ಟದಲ್ಲಲ್ಲ, ನೆರೆಯು ಮೊದಲು ಮುಟ್ಟುವ ಮೇಜಿನ ಕೆಳಗೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಮಲಪ್ರಭೆಯೂ ಮನೆಗಳನ್ನು ಹೊಕ್ಕಂತೆ ನೀರು ಹೊಕ್ಕಾಗ, ಕಾಂತಶಕ್ತಿಯಿಂದ ಮೂಡಿದ ಅದರ ಅಕ್ಷರವೂ ಓಲೆಯ ಅಕ್ಷರದಂತೆ ಬರಿಯ ನೀರಿಗೆ ಅಳಿಯುವುದಿಲ್ಲ. ಉಸಿರಾಟದ ಸಣ್ಣ ರಂಧ್ರದಿಂದ ಒಳನುಗ್ಗಿದ ಕೆಸರು ತಟ್ಟೆಯ ಮೇಲೆ ನಿಂತಿರುವಾಗ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಓದುಗಮೊನೆಯನ್ನು, ನಡೆಯುವುದೋ ಇಲ್ಲವೋ ನೋಡೋಣವೆಂದು ವಿದ್ಯುತ್ತು ಕೊಟ್ಟು ಓಡಿಸುವ ಕೈಯೇ ಅದನ್ನು ಕೆರೆದು ಅಳಿಸುವುದು. ಒಂದು ವ್ಯತ್ಯಾಸ ಮಾತ್ರ ಉಂಟು: ಓಲೆಯನ್ನು ಆರಿಸಿ ಉಳಿಸುತ್ತಿದ್ದರು, ಈ ತಟ್ಟೆಯನ್ನು, ಒಣಗಿದ ಕೆಸರು ಅದರ ಮೈಗೆ ಕಚ್ಚಿಕೊಳ್ಳುವ ಮೊದಲೇ, ತೆರೆಯದೆ, ಅಕ್ಕಿಯಲ್ಲಿ ಹೂಳದೆ, ಒದ್ದೆಯಾಗಿರುವಂತೆಯೇ ಚೀಲದಲ್ಲಿ ಕಟ್ಟಿ ಬಲ್ಲವರ ಕೈಗೆ ಮುಟ್ಟಿಸಬೇಕು.