ಮಲೆನಾಡಿನ ಅರ್ಥಗಾರಿಕೆಯೂ ಚಲಚ್ಚಿತ್ರದ ಏಕಭಾಷಣವೂ

ಸಂಸ್ಕೃತ ನಾಟಕಗಳಲ್ಲಿ ‘ಸ್ವಗತ’ವೆಂಬುದು ಪಾತ್ರವು ತನಗೆ ತಾನೇ ಆಡಿಕೊಳ್ಳುವ ಮಾತು, ರಂಗದ ಮೇಲಣ ಇತರರಿಗೆ ಅದು ಕೇಳಿಸದೆಂಬುದು ಸಂಕೇತ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ರೂಢಿಯಲ್ಲಿರುವ ತಾಳಮದ್ದಲೆಯ ‘ಪೀಠಿಕೆ’ಯಾದರೋ ಇದಕ್ಕೆ ವಿರುದ್ಧವಾದುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನ ಪದವನ್ನು ಆಧರಿಸಿ ಅರ್ಥಧಾರಿಯು ಕುಳಿತಲ್ಲಿಯೇ ಕರ್ಣನೋ ವಾಲಿಯೋ ಆಗಿ, ತನ್ನ ಪಕ್ಷದ ನ್ಯಾಯವನ್ನು ಸಭೆಯ ಮುಂದೆ ಮಂಡಿಸುತ್ತಾನೆ. ಪದಗಳು ಗ್ರಂಥಸ್ಥವಾದುವು, ಅರ್ಥವು ಆಶುವಾದುದು. ಆದುದರಿಂದ ಹಿಂದಿನವರ ಮಾತಿನಲ್ಲಿ ಬಹುಭಾಗವು ಆಡಿದ ರಾತ್ರಿಯೊಡನೆಯೇ ಅಳಿದುಹೋಯಿತು.

ಚಲಚ್ಚಿತ್ರದ ದೀರ್ಘಭಾಷಣವು ನೇರವಾಗಿ ಇದರಿಂದ ಹುಟ್ಟಿದುದಲ್ಲ. ಕನ್ನಡದ ಪ್ರಥಮ ವಾಕ್ಚಿತ್ರಗಳಲ್ಲೊಂದಾದ ‘ಸತಿ ಸುಲೋಚನ’ದ (1934) ರಾವಣ ಆರ್. ನಾಗೇಂದ್ರರಾಯರೂ ಇಂದ್ರಜಿತು ಎಂ. ವಿ. ಸುಬ್ಬಯ್ಯನಾಯ್ಡುರವರೂ ನಾಟಕ ಕಂಪೆನಿಗಳಿಂದ ಬಂದವರು. ಆದರೂ ಅರ್ಥಧಾರಿಗೂ ನಟನಿಗೂ ಪುರಾಣಕಥೆಯೇ ಸಮಾನವಾದ ಆಕರವಾಗಿತ್ತು.

1977ರಲ್ಲಿ ತೆರೆಕಂಡ ಎರಡು ಚಿತ್ರಗಳನ್ನು ಹೋಲಿಸಿದರೆ ಈ ಸಂಬಂಧವು ವಿಶದವಾಗುತ್ತದೆ. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ದ ಕಥೆಯು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಯಕ್ಷಗಾನ ಪ್ರಸಂಗದಲ್ಲಿಯೂ ಪ್ರಸಿದ್ಧವಾದುದು. ಅರ್ಜುನನು ಮಗನನ್ನು ಅಲ್ಲಗಳೆದು ಚಿತ್ರಾಂಗದೆಯ ಶೀಲವನ್ನು ಹಳಿಯಲು, ಮಗನು ತಾಯಿಯ ಪರವಾಗಿ ಉತ್ತರ ಕೊಡುತ್ತಾನೆ. ಎರಡು ಪಾತ್ರಗಳನ್ನೂ ರಾಜಕುಮಾರರೇ ವಹಿಸಿದುದರಿಂದ ವಾದ ಪ್ರತಿವಾದಗಳೆರಡೂ ಒಂದೇ ಕಂಠದಿಂದ ಹೊರಟಿವೆ. ಅರ್ಥಗಾರಿಕೆಯಂತೆ ಇಲ್ಲಿಯೂ ಮಾತೇ ಆಯುಧ, ಕೇಳುವವರೇ ನ್ಯಾಯಾಧೀಶರು. ಭೇದವಿಷ್ಟೆ: ಈ ಮಾತು ಸ್ಥಿರವಾಗಿ ಉಳಿದಿದೆ.

ಎರಡನೆಯದು ‘ಘಟಶ್ರಾದ್ಧ’. ಕಥೆಯನ್ನು ಬರೆದ ಯು. ಆರ್. ಅನಂತಮೂರ್ತಿಯವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಅದೇ ತಾಲ್ಲೂಕಿನ ಕೆಸಲೂರಿನವರು. ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಈ ಚಿತ್ರದಲ್ಲಿಯೂ ಸ್ತ್ರೀಯೊಬ್ಬಳ ಶೀಲವೇ ವಿಚಾರಣೆಯ ವಿಷಯ. ಆದರೆ ವಿಧವೆ ಯಮುನೆಯ ಪರವಾಗಿ ವಾದಿಸಲು ಬಭ್ರುವಾಹನನಂಥ ಮಗನಿಲ್ಲ. ಅವಳನ್ನು ಅರಿತ ಬಾಲಕ ನಾಣಿಗೆ ಸಭೆಯಲ್ಲಿ ಮಾತಿನ ಅಧಿಕಾರವಿಲ್ಲ. ತಂದೆಯು ಬದುಕಿರುವ ಮಗಳಿಗೆ ಘಟಶ್ರಾದ್ಧವನ್ನು ಮಾಡುತ್ತಾನೆ. ಕೊನೆಯಲ್ಲಿ ತಲೆಬೋಳಿಸಿಕೊಂಡು ಒಂಟಿಯಾಗಿ ಉಳಿದ ಅವಳಿಗೆ ಒಂದು ಪೀಠಿಕೆಯೂ ಇಲ್ಲ.

ಇದನ್ನು ಕೇವಲ ವಾಚಾಳಿತನದ ಪರಿತ್ಯಾಗವೆಂದು ಗಣಿಸುವುದು ಅಸಮರ್ಪಕ. ಅರ್ಥಗಾರಿಕೆಯಲ್ಲಿ ಸೋತವನಿಗೂ ಮಾತಿನ ಸರದಿ ಉಂಟು. ಬಾಣ ತಗುಲಿದ ವಾಲಿಯೂ ರಾಮನನ್ನು ಪ್ರಶ್ನಿಸುತ್ತಾನೆ. ಮಾತನ್ನು ಇಷ್ಟು ಮನ್ನಿಸಿದ ಸೀಮೆಯಿಂದಲೇ ಹೊರಟ ಈ ಕೃತಿಯು, ಸರದಿಯೇ ದೊರೆಯದವರೂ ಇದ್ದರೆಂಬುದನ್ನು ಮೌನದಿಂದ ಸ್ಥಾಪಿಸಿದೆ. ಕನ್ನಡದ ಏಕಭಾಷಣದ ಚರಿತ್ರೆಯಲ್ಲಿ ಬಭ್ರುವಾಹನನ ಗರ್ಜನೆಯ ಪಕ್ಕದಲ್ಲಿ ಯಮುನೆಯ ಮೌನಕ್ಕೂ ಸ್ಥಾನವಿರತಕ್ಕದ್ದು.