ಮೈಸೂರು ಪೇಟೆಯ ಹಳೆಯ ಕಟ್ಟಡಗಳು

ವಿಜಯದಶಮಿಯ ದಿನ ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗುವುದನ್ನು ನೀವು ಕಣ್ಣಾರೆ ಕಂಡಿರಬಹುದು. ಇಲ್ಲವೆ ಅದರ ವೀಕ್ಷಕ ವಿವರಣೆಯನ್ನು ಮನೆಯ ರೇಡಿಯೋದಲ್ಲಿ ಕೇಳಿರುತ್ತೀರಿ. ಆನೆ ಅಂಬಾರಿಗಳಲ್ಲಿ ನೆಟ್ಟ ದೃಷ್ಟಿ ಪಕ್ಕದ ಕಟ್ಟಡಗಳ ಕಡೆ ಹೊರಳುವುದು ಅಪರೂಪ. ಆ ದಾರಿಯ ಪಶ್ಚಿಮದ ಮಗ್ಗುಲಿಗೇ ದೇವರಾಜ ಮಾರುಕಟ್ಟೆ ಹಬ್ಬಿದೆ. ಅದರ ದಕ್ಷಿಣದ ತುದಿಗೆ ಚಿಕ್ಕ ಗಡಿಯಾರ. ಅಲ್ಲಿಂದ ಕೂಗಳತೆಯಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. ಚಿಕ್ಕ ಗಡಿಯಾರವನ್ನು ಕಟ್ಟಿದ್ದು ವೈಸರಾಯ್ ಡಫರಿನ್ ಬಂದುಹೋದ ನೆನಪಿಗೆ, ಲ್ಯಾನ್ಸ್‌ಡೌನ್ ಕಟ್ಟಡವನ್ನು ಕಟ್ಟಿದ್ದು ಅವನ ನಂತರದ ವೈಸರಾಯನ ಹೆಸರಿನಲ್ಲಿ, 1892ರಲ್ಲಿ. ಊರಿನವರು ಮಾತ್ರ ಡಫರಿನ್ನನನ್ನು ಮರೆತು ಗಡಿಯಾರವನ್ನಷ್ಟೇ ಇಟ್ಟುಕೊಂಡರು!

ನಡುಪೇಟೆಯನ್ನು ಕಳೆದುಕೊಳ್ಳುವುದು ಮೈಸೂರಿಗೆ ಹೊಸತಲ್ಲ. ಟಿಪ್ಪು ಸುಲ್ತಾನನು ಹಳೆಯ ಊರನ್ನೂ ಕೋಟೆಯನ್ನೂ ಕೆಡವಿಸಿ, ಆ ಕಲ್ಲುಗಳನ್ನೇ ಸಾಗಿಸಿ, ಹತ್ತಿರದಲ್ಲಿ ನಜರಾಬಾದನ್ನು ಕಟ್ಟಲು ತೊಡಗಿದ್ದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಲ್ಲುಗಳು ಬಂದ ದಾರಿಯಲ್ಲೇ ಹಿಂದಿರುಗಿದುವು. ಅನಂತರ ಎದ್ದ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ, ಬೆಂಕಿಗೆ ಆಹುತಿಯಾಯಿತು. ಆಗ ರಾಜಪ್ರತಿನಿಧಿಯಾಗಿದ್ದ ವಾಣೀವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಿದರು. ಸುಟ್ಟ ಕೈ ಎಚ್ಚರದ ಕೈ. ಈ ಸಲ ಕಲ್ಲನ್ನೂ ಕಬ್ಬಿಣವನ್ನೂ ಧಾರಾಳವಾಗಿ ಬಳಸಿದರು. ಎರಕದ ಕಂಬಗಳು ದೂರದ ಗ್ಲಾಸ್ಗೋ ನಗರದಿಂದ ಬಂದುವು. ಕೆಲಸ ಮುಗಿದದ್ದು 1912ರಲ್ಲಿ.

ಹಾಗೆ ಒಂದು ಬಾರಿ ಅರಸನ ಆಜ್ಞೆ, ಇನ್ನೊಂದು ಬಾರಿ ಬೆಂಕಿ. ನಮ್ಮ ಕಾಲದಲ್ಲಿ ಆ ಕೆಲಸವನ್ನು ಮಾಡುತ್ತಿರುವುದು ನೀರು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾದ ಜಾಗ ಅದು. ಎಷ್ಟೋ ಮಂದಿ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡದ್ದು ಅಲ್ಲಿ. 2016ರ ಆಗಸ್ಟಿನಲ್ಲಿ, ದುರಸ್ತಿಯ ಕೆಲಸ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಗಿದ್ದ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಉರುಳಿತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ತಿಂಗಳುಗಳನ್ನು ಗಮನಿಸಿದಿರಾ? ಎಲ್ಲವೂ ಮಳೆಯ ತಿಂಗಳುಗಳೇ.

ಈ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣದ ಗಾರೆಗೆ ಒಂದು ಗುಣವುಂಟು: ಅದು ಮಳೆಯ ತೇವವನ್ನು ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಮುಂದೆ ಬಂದವರು ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಗಾರೆ ಪುಡಿಯಾಗುತ್ತದೆ, ತೊಲೆಯ ತುದಿ ಗೋಡೆಯೊಳಗೆ ಕುಳಿತಲ್ಲೇ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಗೋಡೆ ಅಚ್ಚುಕಟ್ಟಾಗಿಯೇ ಇರುತ್ತದೆ, ಇದೇ ಅಪಾಯ. ತಾರಸಿಯ ಸೀಳಿನಲ್ಲಿ ಹಕ್ಕಿ ಹಾಕಿಹೋದ ಒಂದು ಅರಳಿಯ ಬೀಜ ಬೇರು ಬಿಟ್ಟರೆ ಮಿಕ್ಕ ಕೆಲಸವನ್ನು ಅದು ನೋಡಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಒಬ್ಬ ಆಳು ತಾರಸಿ ಹತ್ತಿ ಗಿಡ ಕಿತ್ತು, ನೀರಿನ ದೋಣಿ ಗುಡಿಸಿ ಬಂದಿದ್ದರೆ ಎಷ್ಟೋ ತಪ್ಪುತ್ತಿತ್ತು. ನಮ್ಮ ಕಡೆ ಹೆಂಚಿನ ಮನೆಯವರು ವರ್ಷ ವರ್ಷ ಹೆಂಚು ಕೈಯಾಡಿಸುವುದಿಲ್ಲವೆ? ಎಲ್ಲರಿಗೂ ಸೇರಿದ ಕಟ್ಟಡಕ್ಕೆ ಆ ಒಬ್ಬ ಆಳು ಸಿಗುವುದೇ ಕಷ್ಟ.

ಬಿದ್ದಮೇಲೆ ವಾದ ಎದ್ದಿತು. ಕಟ್ಟಡಗಳು ಪೂರಾ ಶಿಥಿಲವಾಗಿವೆ, ಕೆಡವಿ ಅದೇ ರೂಪಿನಲ್ಲಿ ಹೊಸದಾಗಿ ಕಟ್ಟಬೇಕು ಎಂದು ಒಂದು ಪಕ್ಷ. ಉಳಿದದ್ದನ್ನು ಜೀರ್ಣೋದ್ಧಾರ ಮಾಡಬಹುದು ಎಂದು ಪರಂಪರೆಯ ತಜ್ಞರಲ್ಲಿ ಅನೇಕರು. ವಿವಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕೆಡವಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸತ್ತ ನಾಲ್ವರು ಕಾಗದದ ಮೇಲಿನ ಲೆಕ್ಕವಲ್ಲ. ಆದರೆ ಅದೇ ರೂಪು ಎಂಬ ಮಾತು ನನಗೆ ಸಮಾಧಾನ ತರುವುದಿಲ್ಲ. ಕಾಂಕ್ರೀಟಿನಲ್ಲಿ ಎರಕಹೊಯ್ದ ಕಮಾನು ಕಣ್ಣಿಗೆ ಕಮಾನಾಗಿ ಕಾಣಬಹುದು, ಭಾರ ಹೊರುವ ರೀತಿಯೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಕಟ್ಟಿ ಮುಗಿಯುವವರೆಗೆ ಹೂವಿನವರು, ವೀಳೆಯದೆಲೆಯವರು, ಬಾಳೆಹಣ್ಣಿನವರು ಎಲ್ಲಿ ಕುಳಿತುಕೊಳ್ಳಬೇಕು? ಹೊಸ ಮಳಿಗೆಯ ಬಾಡಿಗೆ ಮಲ್ಲಿಗೆಯನ್ನು ಮೊಳದಲ್ಲಿ ಮಾರುವವಳಿಗೆ ಎಟುಕೀತೆ?

ಸಯ್ಯಾಜಿರಾವ್ ರಸ್ತೆಗೆ ಹೋದಾಗ ಅಂಗಡಿಯ ಬೋರ್ಡುಗಳಿಂದ ಎರಡಾಳು ಮೇಲಕ್ಕೆ ಕಣ್ಣೆತ್ತಿ ನೋಡಿ. ಗಾರೆಯ ಅಂಚು, ಅದರ ಸೀಳು, ಸೀಳಿನಲ್ಲೊಂದು ಹಸುರು ಚಿಗುರು ಕಂಡೀತು.